ಸೂತಕದವರು ಬಂದಾರ, ಜರಾ ಸರೀರಿ

“ಹೆಣ್ತಿ ಹೋಗಿ ಇನ್ನಾ ನಾಕು ತಿಂಗಳಾಗಿಲ್ಲ, ಮಾಸ್ತರು ನಾಟಕಕ್ಕ ಬಂದಾರ ನೋಡು.”

ಬೆನ್ನ ಹಿಂದೆ ಆಡಿದ ಮಾತು, ಆದರೆ ನನ್ನ ಕಿವಿಗೆ ಬೀಳಲೆಂದೇ ಆಡಿದ್ದು. ಆಡಿದವರು ಕೆಟ್ಟವರಲ್ಲ. ನನ್ನ ಹೆಂಡತಿಯ ಮಣ್ಣಿಗೆ ಬಂದವರು, ನಮ್ಮ ಮನೆಯಲ್ಲಿ ಒಲೆ ಹೊತ್ತದ ದಿನಗಳಲ್ಲಿ ರೊಟ್ಟಿ ಬುತ್ತಿ ಕಳಿಸಿದವರು. ಹೀಗಾಗಿ ನನ್ನ ಜಗಳ ಅವರ ಮೇಲಲ್ಲ, ಅವರ ನಾಲಿಗೆಯ ಮೇಲೆ ಬಹಳ ಕಾಲದಿಂದ ಕೂತಿರುವ ಆ ಮಾತಿನ ಮೇಲೆ. ನಾನಿರುವುದು ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿ ಹೋಬಳಿಯ ಒಂದು ಸಣ್ಣ ಹಳ್ಳಿಯಲ್ಲಿ. ಔರಾದಿಗೆ ಹೋಗಿ ಕೇಳಿ, ಬೀದರಿನ ಓಣಿಗಳಲ್ಲಿ ಕೇಳಿ, ಇದೇ ಮಾತು ಸಿಗುತ್ತದೆ: ಸಾವು ಕಂಡ ಮನೆಯವರು, ಬೇನೆ ಬಿದ್ದ ಮನೆಯವರು, ಸಾಲದಲ್ಲಿ ಮುಳುಗಿದವರು ಆಟ-ನಾಟಕದ ಕಡೆ ಮುಖ ಮಾಡಬಾರದು. ಕಷ್ಟ ಕಳೆಯಲಿ, ವರ್ಷ ತುಂಬಲಿ, ಆಮೇಲೆ ನೋಡಿದರಾಯಿತು. ಓದಿದವರು ಇದನ್ನೇ ನಯವಾಗಿ ಹೇಳುತ್ತಾರೆ: “ಈಗ ನಿಮಗೆ ವಿಶ್ರಾಂತಿ ಬೇಕು ಸರ್, ಸುಮ್ಮನೆ ಮನೆಯಲ್ಲಿರಿ.” ಮಾತು ಬೇರೆಯಾದರೂ ಬಾಗಿಲು ಹಾಕುವ ಕೈ ಒಂದೇ.

ಈ ನಂಬಿಕೆ ತಪ್ಪು. ಅದರಲ್ಲಿ ದಯೆಯೂ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅದು ನಮ್ಮ ಸೀಮೆಯ ರಕ್ತಕ್ಕೆ ಹೊಂದುವುದಿಲ್ಲ.

ಮೊದಲು ಆ ರಾತ್ರಿಯ ಮಾತು ಹೇಳಿಬಿಡುತ್ತೇನೆ. ನನ್ನವಳು ತೀರಿಕೊಂಡದ್ದು ಎಳ್ಳಮಾಸಿ ಒಂದು ವಾರವಿದೆ ಎನ್ನುವಾಗ. ಅದಕ್ಕೂ ಮೊದಲಿನ ಒಂದೂವರೆ ವರ್ಷ ದವಾಖಾನೆಯೇ ನಮ್ಮ ಮನೆಯಾಗಿತ್ತು. ಮೊದಲು ಬೀದರ, ಆಮೇಲೆ ಹೈದರಾಬಾದ. ಭಾಲ್ಕಿ ಸ್ಟೇಷನ್ನಿನ ಬೆಂಚಿನ ಮೇಲೆ ಅವಳ ತಲೆ ತೊಡೆಯ ಮೇಲಿಟ್ಟುಕೊಂಡು ರೈಲು ಕಾದ ರಾತ್ರಿಗಳ ಲೆಕ್ಕವಿಲ್ಲ. ಆ ವರ್ಷ ಎಳ್ಳಮಾಸಿಗೆ ಊರಿಗೆ ಊರೇ ಭಜ್ಜಿ, ರೊಟ್ಟಿ, ಅಂಬಲಿಯ ಗಡಿಗೆ ಹೊತ್ತುಕೊಂಡು ಹೊಲಕ್ಕೆ ಹೋದಾಗ ನಮ್ಮ ಮನೆಯ ಬಾಗಿಲು ಅರ್ಧ ಮುಚ್ಚಿತ್ತು. ನಾನು ಒಳಗೆ ಕೂತು ದವಾಖಾನೆಯ ಬಿಲ್ಲುಗಳನ್ನು ತಾರೀಖಿನ ಪ್ರಕಾರ ಜೋಡಿಸುತ್ತಿದ್ದೆ. ಯಾಕೆ ಜೋಡಿಸುತ್ತಿದ್ದೆನೋ ಇವತ್ತಿಗೂ ಗೊತ್ತಿಲ್ಲ. ಅಳು ಬರಲಿಲ್ಲ. ಮಣ್ಣಿನ ದಿನವೂ ಬಂದಿರಲಿಲ್ಲ. ಯಾರಿಗೆ ಎಷ್ಟು ಕೊಡಬೇಕು, ಯಾರಿಗೆ ಸುದ್ದಿ ಮುಟ್ಟಿಲ್ಲ, ಇದೇ ತಲೆಯಲ್ಲಿ.

ಬಿಳಿಜೋಳದ ರಾಶಿ ಮುಗಿದ ಮೇಲೆ ಜಾತ್ರೆ ಬಂತು. ಊರ ಹುಡುಗರು ‘ಸತ್ಯ ಹರಿಶ್ಚಂದ್ರ’ ನಾಟಕ ಇಟ್ಟಿದ್ದರು. ಹೋಗಲೇಬೇಕೆಂದು ನಾನು ಹೋದವನಲ್ಲ. ನಿದ್ದೆ ಬರಲಿಲ್ಲ, ಪೇಟಿಯ ದನಿ ಕೇಳಿತು, ಕಾಲು ಆ ಕಡೆ ಎಳೆದವು. ಗುಂಪಿನ ಅಂಚಿನಲ್ಲಿ ಚಪ್ಪಲಿ ಮೇಲೆ ಕೂತೆ. ಆಗಲೇ ಆ ಮಾತು ಬಿದ್ದದ್ದು. ಎದ್ದು ಹೋಗಬೇಕು ಅನ್ನುವಷ್ಟರಲ್ಲಿ ಸುಡುಗಾಡಿನ ಸೀನು ಬಂತು.

ಲೋಹಿತಾಶ್ವ ಆರನೇ ಇಯತ್ತೆಯ ಹುಡುಗ, ನನ್ನ ಸಾಲೆಯವನೇ. ಹಾವು ಕಚ್ಚಿ ಸತ್ತು ಮಲಗಿದ್ದ. ಚಂದ್ರಮತಿಯ ಪಾರ್ಟಿಗೆ ಹೊರಗಿನಿಂದ ಕರೆಸಿದ್ದ ಕಲಾವಿದೆ ಅವನ ಮೈಮೇಲೆ ಬಿದ್ದು ಹಾಡಿಕೊಂಡು ಅಳತೊಡಗಿದಳು. ಮುಂದೆ ಕೂತ ಹೆಣ್ಣುಮಕ್ಕಳು ಸೆರಗು ಬಾಯಿಗೆ ಹಿಡಿದರು. ಅಷ್ಟರಲ್ಲಿ ಹೆಣದ ಕೈ ಮೆಲ್ಲಗೆ ಎದ್ದಿತು. ಮೊಣಕಾಲನ್ನು ಪರಪರ ಕೆರೆಯಿತು. ಕೆರೆದು, ಏನೂ ಆಗಿಲ್ಲವೆಂಬಂತೆ ತಿರುಗಿ ತನ್ನ ಜಾಗಕ್ಕೆ ಹೋಗಿ ಬಿದ್ದುಕೊಂಡಿತು. ಸೊಳ್ಳೆ! ಇಡೀ ಬಯಲು ಒಮ್ಮೆಲೇ ಹೋ ಎಂದು ನಕ್ಕಿತು. ಆ ಹೆಣ್ಣುಮಗಳು ಹಾಡು ನಿಲ್ಲಿಸಲಿಲ್ಲ. ಅಳುತ್ತಲೇ, ಲಯ ಒಂದಿಷ್ಟೂ ತಪ್ಪದಂತೆ, ತನ್ನ ಸೆರಗಿನ ತುದಿ ಎಳೆದು ಆ ಮೊಣಕಾಲು ಮುಚ್ಚಿದಳು. ಸೊಳ್ಳೆ ಕಚ್ಚಬಾರದೆಂದು, ಸತ್ತ ಮಗನಿಗೆ. ನಗು ಅಲ್ಲಿಗೇ ನಿಂತಿತು. ಗಂಡಸರೂ ಮೂಗು ಒರೆಸಿಕೊಂಡರು. ನಾನೂ ನಕ್ಕಿದ್ದೆ, ನಾನೂ ಅತ್ತೆ. ನಾಲ್ಕು ತಿಂಗಳಲ್ಲಿ ಎರಡೂ ಮೊದಲ ಸಲ, ಒಂದೇ ನಿಮಿಷದೊಳಗೆ.

ಇದನ್ನು ನನಗೆ ಬೇರೆ ಯಾರು ಕೊಡುತ್ತಿದ್ದರು? ಸಿನಿಮಾ ಆಗಿದ್ದರೆ ಹೆಣ ಕೆರೆದುಕೊಂಡ ತುಂಡನ್ನು ಕತ್ತರಿಸಿ ಒಗೆಯುತ್ತಿದ್ದರು. ಆ ಸೆರಗು ಯಾವ ಪುಸ್ತಕದಲ್ಲೂ ಬರೆದಿಲ್ಲ, ತಾಲೀಮಿನಲ್ಲಿ ಯಾರೂ ಹೇಳಿಕೊಟ್ಟಿಲ್ಲ. ಅದು ಆ ರಾತ್ರಿ, ಆ ಸೊಳ್ಳೆಗೆ, ನಮ್ಮೆದುರಿಗೆ ಹುಟ್ಟಿ ಅಲ್ಲೇ ಮುಗಿದುಹೋಯಿತು. ಜೀವಂತ ನಾಟಕದ ಸುಖ ಎಂದು ನಾನು ಅನ್ನುವುದು ಇದಕ್ಕೆ. ಸುಖ ಎಂಬ ಪದ ಬಳಸಲು ನನಗೆ ನಾಚಿಕೆಯಿಲ್ಲ.

ಇನ್ನು ಸೂತಕದ ಮಾತಿಗೆ ಬರೋಣ. ಈ ಮಾತನ್ನು ನಾನು ಬೇರೆ ಊರಿನಲ್ಲಿ ಕೇಳಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಆದರೆ ಇದು ಬೀದರ ಜಿಲ್ಲೆ. ಬಸವಕಲ್ಯಾಣ ನಮ್ಮ ಜಿಲ್ಲೆಯಲ್ಲೇ ಇದೆ. ಹನ್ನೆರಡನೇ ಶತಮಾನದಲ್ಲಿ ಅಲ್ಲಿ ಕೂತ ಶರಣರು ಜಾತಿ, ಜನನ, ಮರಣ, ರಜಸ್ಸು, ಎಂಜಲು ಎಂಬ ಐದೂ ಸೂತಕಗಳನ್ನು ಕಿತ್ತು ಒಗೆದರು. ಪಂಚಸೂತಕ ಇಲ್ಲ ಎನ್ನುವುದು ಲಿಂಗಾಯತರಲ್ಲಿ ಸಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. ವೇದಿಕೆ ಸಿಕ್ಕರೆ ಅರ್ಧ ತಾಸು ಇದರ ಮೇಲೆ ಭಾಷಣ ಮಾಡುವವರು ನಮ್ಮಲ್ಲಿ ಊರಿಗೆ ಹತ್ತು ಮಂದಿ ಇದ್ದಾರೆ. ಅವರೇ ಭಾಷಣ ಮುಗಿಸಿ ಕೆಳಗಿಳಿದು, ಹೆಂಡತಿ ಸತ್ತವನು ನಾಟಕಕ್ಕೆ ಬಂದನೆಂದು ಹುಬ್ಬು ಏರಿಸುತ್ತಾರೆ. ಮಡಿವಂತರ ಸೂತಕವನ್ನು ಮುಂದಿನ ಬಾಗಿಲಿನಿಂದ ಅಟ್ಟಿ, ಹಿತ್ತಲ ಬಾಗಿಲಿನಿಂದ ಕರೆದು ಮಣೆ ಹಾಕಿದ ಹಾಗಾಯಿತು ಇದು.

ಕಲ್ಯಾಣದಲ್ಲಿ ಯಾರು ಯಾರು ಇದ್ದರು ಎಂಬುದನ್ನೂ ಒಮ್ಮೆ ನೆನೆಯಬೇಕು. ಬಹುರೂಪಿ ಚೌಡಯ್ಯ ಇದ್ದ. ವೇಷ ಕಟ್ಟಿ ಆಡುವುದೇ ಅವನ ಕಾಯಕ. ನಗೆಯ ಮಾರಿತಂದೆ ಇದ್ದ, ಜನರನ್ನು ನಗಿಸುವುದು ಅವನ ಕಾಯಕ. ಇಬ್ಬರೂ ವಚನಕಾರರು. ನೇಯುವವನ, ದೋಣಿ ನಡೆಸುವವನ, ಕಟ್ಟಿಗೆ ಮಾರುವವನ ಕಾಯಕ ಎಷ್ಟು ದೊಡ್ಡದೋ, ವೇಷ ಹಾಕುವವನದೂ ನಗಿಸುವವನದೂ ಅಷ್ಟೇ ದೊಡ್ಡದು ಎಂದು ಒಪ್ಪಿಕೊಂಡ ಊರು ಅದು. ನಗಿಸುವುದು ಕಾಯಕವಾದರೆ ಆ ಕಾಯಕ ಯಾರಿಗಾಗಿ? ಹೊಟ್ಟೆ ತುಂಬಿ, ಮನೆ ತುಂಬಿ, ಸುಖವಾಗಿ ಇರುವವರಿಗಷ್ಟೇ? ಹಸಿದವನಿಗೆ ಊಟವಿಲ್ಲ, ಉಂಡವನು ಬಂದು ಎಲೆಗೆ ಕೂಡಲಿ ಎಂಬ ದಾಸೋಹ ಎಲ್ಲಾದರೂ ಉಂಟೇ?

ಕಲ್ಯಾಣದ ಮಾತು ಬಹಳ ಹಿಂದಿನದು ಎಂದರೆ ನಮ್ಮ ಮನೆಯ ಅಂಗಳಕ್ಕೇ ಬನ್ನಿ. ನನ್ನವಳ ದೇಹವನ್ನು ಕೂಡಿಸಿ ರಾತ್ರಿಯಿಡೀ ಭಜನೆ ಮಾಡಿದರು. ತಾಳ, ತಬಲಾ, ಪೇಟಿ. ಬೆಳಿಗ್ಗೆ ಹಲಗೆ ಬಾರಿಸಿಕೊಂಡು ಹೊತ್ತೊಯ್ದರು. ಯಾರೂ ತಪ್ಪೆನ್ನಲಿಲ್ಲ, ಸಾವಿಗೆ ಅದು ಮರ್ಯಾದೆ ಎಂದರು. ನಿಜ, ಮರ್ಯಾದೆಯೇ. ಅವತ್ತು ನಮ್ಮ ಅಂಗಳದಲ್ಲಿ ಪೇಟಿ ಬಾರಿಸಿದ ಮುದಿ ಮಾಸ್ತರರೇ ಜಾತ್ರೆಯ ರಾತ್ರಿ ನಾಟಕಕ್ಕೂ ಪೇಟಿ ಬಾರಿಸಿದರು. ಅದೇ ಪೇಟಿ, ಅದೇ ಬೆರಳು, ತತ್ವಪದದ ಮಟ್ಟುಗಳಲ್ಲಿ ಕೆಲವು ಅವೇ. ಹೆಣದ ಮುಂದೆ ಆ ಪೇಟಿ ಪವಿತ್ರ, ಪರದೆಯ ಮುಂದೆ ಅದೇ ಪೇಟಿ ನನಗೆ ನಿಷಿದ್ಧ. ಇದರ ಲೆಕ್ಕ ನನಗೆ ಹತ್ತುವುದಿಲ್ಲ, ಮತ್ತು ನಾನು ಗಣಿತದ ಮಾಸ್ತರ.

ಮೊಹರಂ ನೋಡಿ. ಕರ್ಬಲಾದಲ್ಲಿ ಕ್ರಿ.ಶ. 680ರಲ್ಲಿ ಆದ ಸಾವಿನ ಶೋಕ ಅದು. ಆ ಶೋಕವನ್ನು ನಮ್ಮ ಹಳ್ಳಿಗಳು ಹೇಗೆ ಆಚರಿಸುತ್ತವೆ? ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕಿ, ರಿವಾಯತ ಪದ ಹಾಡಿ, ಹುಲಿವೇಷ ಕಟ್ಟಿ. ಹಿಂದೂಗಳೂ ಕುಣಿಯುತ್ತಾರೆ, ಮುಸಲ್ಮಾನರೂ ಕುಣಿಯುತ್ತಾರೆ. ಹುಸೇನರ ಸಾವನ್ನು ಹಾಡಿ ಅತ್ತ ಗಂಟಲಿನಲ್ಲೇ ಮರುಗಳಿಗೆ ಚೇಷ್ಟೆಯ ಪದ ಬರುತ್ತದೆ. ಶೋಕಕ್ಕೂ ವೇಷಕ್ಕೂ ನಮ್ಮ ಸೀಮೆಯಲ್ಲಿ ಜಗಳವೇ ಇರಲಿಲ್ಲ. ಜಗಳ ಹಚ್ಚಿದವರು ಆಮೇಲೆ ಬಂದ ಸಭ್ಯರು.

ಆ ಸಭ್ಯತೆ ನಿಜವಾಗಿ ಏನನ್ನು ಕಾಯುತ್ತಿದೆ ಎಂಬುದು ನನಗೆ ಗೊತ್ತಾದದ್ದು ಮೊಬೈಲಿನಿಂದ. ಆ ನಾಲ್ಕು ತಿಂಗಳು ರಾತ್ರಿ ಎರಡರ ತನಕ ನಾನು ಮೊಬೈಲು ನೋಡುತ್ತ ಬಿದ್ದಿರುತ್ತಿದ್ದೆ. ಕಾಮಿಡಿ ತುಣುಕು, ಕುಸ್ತಿ, ಯಾರದೋ ಅಡುಗೆ, ಯಾರದೋ ನಾಯಿ. ಪಕ್ಕದ ಮನೆಗೂ ದನಿ ಕೇಳುತ್ತಿತ್ತು. ಒಬ್ಬರೂ ಚಕಾರ ಎತ್ತಲಿಲ್ಲ. ಸೂತಕದ ಮನೆಯಲ್ಲಿ ಟೀವಿ ಧಾರಾವಾಹಿ ಮೂರನೇ ದಿನಕ್ಕೆ ಶುರುವಾಗುತ್ತದೆ, ಸಂತೈಸಲು ಬಂದ ನೆಂಟರೇ ಹಚ್ಚುತ್ತಾರೆ. ಅಂದರೆ ಅಡ್ಡಿ ಇರುವುದು ಮನರಂಜನೆಗಲ್ಲ. ದುಃಖದ ಮುಖ ಹೊರಗೆ ಬಂದು ನಾಲ್ಕು ಜನರ ನಡುವೆ ಕೂತದ್ದಕ್ಕೆ. ನಿನ್ನ ಪಾಡಿಗೆ ನೀನು ಕತ್ತಲಲ್ಲಿ ಒಬ್ಬನೇ ನಗು, ಅಡ್ಡಿಯಿಲ್ಲ. ನಮ್ಮ ಜೊತೆ ಕೂತು ನಗಬೇಡ. ನಮ್ಮ ನಗುವಿಗೆ ನಿನ್ನ ಸಾವು ಅಂಟೀತು. ಇಷ್ಟೇ ವಿಷಯ.

ಜನ ಕೂಡುವುದಕ್ಕೆ ಹೆದರುವವರನ್ನು ಈ ಭಾಗ ಮೊದಲೂ ಕಂಡಿದೆ. ನಿಜಾಮರ ಕಾಲದಲ್ಲಿ ಗಸ್ತಿ 53 ಎಂಬ ಹುಕುಂ ಇತ್ತು, ಪರವಾನಗಿ ಇಲ್ಲದೆ ಸಭೆ ಸೇರುವ ಹಾಗಿರಲಿಲ್ಲ. ಆ ದಿನಗಳಲ್ಲೇ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಇವತ್ತು ಬೀದರಿನ ರಂಗಮಂದಿರಕ್ಕೆ ಇರುವುದು ಅವರದೇ ಹೆಸರು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಹೋಯಿತು. ಕೂಡಬೇಡಿ ಎಂಬ ಹುಕುಂ ಮಾತ್ರ ನಮ್ಮ ನಾಲಿಗೆಯಲ್ಲಿ ಉಳಿದಿದೆ, ದುಃಖಿತರಿಗೆ ಮೀಸಲಾಗಿ. (ರಂಗಮಂದಿರದ ಮಾತು ಬಂತೆಂದು ಹೇಳುತ್ತೇನೆ: ಅಲ್ಲಿ ಒಳ್ಳೆಯ ನಾಟಕಗಳು ಆಗುತ್ತವೆ, ನೋಡಿದ್ದೇನೆ. ಆದರೆ ಆಟ ಮುಗಿಯುವ ಹೊತ್ತಿಗೆ ಹಳ್ಳಿಗೆ ಬಸ್ಸು ಸಿಗುವ ಭರವಸೆ ಇಲ್ಲ. ನಮ್ಮಂಥವರಿಗೆ ಜಾತ್ರೆಯ ಬಯಲೇ ರಂಗಮಂದಿರ.)

ಇನ್ನೊಂದು ಸೋಜಿಗ. ಆ ಚಂದ್ರಮತಿಯ ಕೂಸು ಅವತ್ತು ಪರದೆಯ ಹಿಂದೆ ಟ್ರಂಕಿನ ಮೇಲೆ ಮಲಗಿತ್ತು, ಮೈ ಕೆಂಡದಂಥ ಜ್ವರ. ಇದು ಬೆಳಿಗ್ಗೆ ಚಹಾದಂಗಡಿಯಲ್ಲಿ ಗೊತ್ತಾಯಿತು. ಸೀನು ಮುಗಿದಾಗೊಮ್ಮೆ ಒಳಗೆ ಓಡಿ ಹಣೆಗೆ ಒದ್ದೆ ಬಟ್ಟೆ ಹಾಕಿ ಬರುತ್ತಿದ್ದಳಂತೆ. ನನ್ನನ್ನು ಆಡಿಕೊಂಡವರೇ “ಎಂಥಾ ನಿಷ್ಠಿ ಆಕಿದು!” ಎಂದು ತಲೆದೂಗಿದರು. ಸಂಕಟ ಹೊತ್ತುಕೊಂಡು ಬಣ್ಣ ಹಚ್ಚಿದರೆ ನಿಷ್ಠೆ, ಸಂಕಟ ಹೊತ್ತುಕೊಂಡು ನೋಡಲು ಬಂದರೆ ನಾಚಿಕೆಗೇಡು. ನೋಡುವುದೂ ನಾಟಕದ ಅರ್ಧ ಕೆಲಸ ಎಂದು ಒಪ್ಪದವರ ಲೆಕ್ಕ ಇದು. ಬಯಲಲ್ಲಿ ಅಷ್ಟು ಜನ ಉಸಿರು ಹಿಡಿದು ಕೂತಿರದಿದ್ದರೆ ಆ ಸೆರಗು ಆ ಮೊಣಕಾಲಿನ ಮೇಲೆ ಬರುತ್ತಿತ್ತೇ?

ನನ್ನ ಪರ ವಹಿಸಿದವರೂ ಇದ್ದಾರೆ. ನಿಜ ಹೇಳಬೇಕೆಂದರೆ ಅವರು ಕೊಟ್ಟ ಬೇಸರ ವಿರೋಧಿಗಳಿಗಿಂತ ಹೆಚ್ಚು. “ಪಾಪ, ದುಃಖ ಮರೆಯಲಿಕ್ಕೆ ಹೋಗಿದ್ದರು ಬಿಡಿ” ಎಂದರು ಒಬ್ಬರು. ಮರೆಯಲಿಕ್ಕೆ? ಸುಡುಗಾಡಿನ ಸೀನು ನೋಡಿ ಯಾರಾದರೂ ಸಾವು ಮರೆಯುತ್ತಾರೆಯೇ? ಮರೆಯುವುದಕ್ಕೆ ಮೊಬೈಲು ಇತ್ತು, ಶೆರೆ ಅಂಗಡಿಯೂ ದೂರವಿರಲಿಲ್ಲ. ಭರತನ ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲೇ ದುಃಖಿತರ, ದಣಿದವರ, ಶೋಕದಲ್ಲಿರುವವರ ಹೆಸರು ಹಿಡಿದು ಹೇಳಿದೆ: ನಾಟಕ ಇಂಥವರಿಗೆ ವಿಶ್ರಾಂತಿ ಕೊಡಬೇಕೆಂದು. ಮರೆವು ಎಂದು ಹೇಳಿಲ್ಲ, ವಿಶ್ರಾಂತಿ ಎಂದಿದೆ. ಎರಡಕ್ಕೂ ವ್ಯತ್ಯಾಸ ಗೊತ್ತಾಗಬೇಕಾದರೆ ಹುಲ್ಲಿನ ಹೊರೆ ಹೊತ್ತವರನ್ನು ಕೇಳಬೇಕು. ಹೊರೆಗಲ್ಲಿಗೆ ಹೊರೆ ತಾಗಿಸಿ ನಿಂತವನು ಹೊರೆ ಮರೆತಿರುವುದಿಲ್ಲ, ಅದರ ಭಾರ ಒಂದು ಗಳಿಗೆ ಕಲ್ಲಿನ ಮೇಲಿರುತ್ತದೆ. ಅಷ್ಟೇ, ಆಮೇಲೆ ಮತ್ತೆ ತಲೆಗೆ. ಸಂತೈಸಲು ಮನೆಗೆ ಬಂದವರೆಲ್ಲ ನನ್ನ ಹೊರೆ ಕೆಳಗಿಳಿಸು ಎಂದು ಹೇಳಿದವರು. ತಾಗಿಸಿ ನಿಲ್ಲಲು ಜಾಗ ಕೊಟ್ಟದ್ದು ಅದೊಂದು ಪರದೆ.

ಇನ್ನೊಬ್ಬರು ನಾಟಕದಲ್ಲಿ ಒಳ್ಳೆಯ ಸಂದೇಶ ಇತ್ತಲ್ಲ ಎಂದರು. ಸತ್ಯ ನುಡಿಯಬೇಕೆಂಬ ಸಂದೇಶವೇ? ಐವತ್ತು ದಾಟಿದ ಮಾಸ್ತರನಿಗೆ ಅದನ್ನು ಕಲಿಯಲು ರಾತ್ರಿ ಮೂರಕ್ಕೆ ಇಬ್ಬನಿಯಲ್ಲಿ ಕೂಡಬೇಕಾಗಿಲ್ಲ. ಸಂದೇಶ ಇದ್ದರೆ ಮಾತ್ರ ಸುಖಕ್ಕೆ ಪರವಾನಗಿ ಎನ್ನುವುದೂ ಸೂತಕದ ಅಣ್ಣತಮ್ಮನೇ. ನಾಟಕಕ್ಕೆ ಉಪಯೋಗದ ಚೀಟಿ ಅಂಟಿಸಿ ಬಚಾವು ಮಾಡಲು ನೋಡುವವರು ಅದು ತನ್ನಷ್ಟಕ್ಕೆ ಯೋಗ್ಯವಲ್ಲ ಎಂದು ಮೊದಲೇ ಒಪ್ಪಿಕೊಂಡಿರುತ್ತಾರೆ.

ಗ್ರೀಸ್ ದೇಶದಲ್ಲಿ ಎಪಿಡಾರಸ್ ಎಂಬ ಊರಿದೆ. ಹಿಂದೆ ಅದು ವೈದ್ಯದೇವತೆಯ ಕ್ಷೇತ್ರ, ದೂರದೂರದಿಂದ ರೋಗಿಗಳು ಬಂದು ಉಳಿಯುತ್ತಿದ್ದ ಜಾಗ. ಕ್ರಿಸ್ತಪೂರ್ವ ನಾಲ್ಕನೇ ಶತಮಾನದಲ್ಲಿ ಅಲ್ಲೇ, ಆ ರೋಗಿಗಳ ಮಗ್ಗುಲಲ್ಲಿ, ಹತ್ತು ಸಾವಿರಕ್ಕೂ ಹೆಚ್ಚು ಜನ ಕೂಡುವ ಕಲ್ಲಿನ ರಂಗಭೂಮಿ ಕಟ್ಟಿದರು. ಇವತ್ತಿಗೂ ಅಲ್ಲಿ ನಾಟಕವಾಡುತ್ತಾರೆ. ಇದನ್ನು ಓದಿದಾಗ ಹೈದರಾಬಾದಿನ ಆ ದವಾಖಾನೆಯ ಕಾರಿಡಾರು ನೆನಪಾಯಿತು: ಸಾಲು ಕುರ್ಚಿ, ಗೋಡೆಗೊಂದು ದನಿಯಿಲ್ಲದ ಟೀವಿ, ಎಲ್ಲರ ತಲೆ ಮೊಬೈಲಿನೊಳಗೆ. ನನ್ನವಳು ಒಂದು ಸಲ ಕೇಳಿದ್ದಳು, “ಈ ಸಲ ಜಾತ್ರ್ಯಾಗ ಯಾವ ನಾಟಕ ಅಂತ್ರಿ?” ನಾನು ರಿಪೋರ್ಟು ಓದುತ್ತಿದ್ದೆ, ಉತ್ತರ ಕೊಡಲಿಲ್ಲ.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಈ ಕಟ್ಟಳೆ ಹುಟ್ಟಿದಾಗ ಅದರಲ್ಲಿ ಕರುಣೆಯೂ ಇದ್ದಿರಬಹುದು. ದುಃಖದಲ್ಲಿರುವವನು ಎಲ್ಲರ ಮದುವೆ, ಎಲ್ಲರ ಹಬ್ಬಕ್ಕೆ ಮುಖ ಅರಳಿಸಿಕೊಂಡು ಹೋಗಬೇಕಾಗಿಲ್ಲ, ಅವನಿಗೆ ರಜೆ. ಅದು ಚಲೋ. ಹೊರಗೆ ಬರಲು ಮನಸ್ಸಿಲ್ಲದವರನ್ನು ಎಳೆದುತರುವುದೂ ಹಿಂಸೆಯೇ. ಆದರೆ ರಜೆ ಬೇರೆ, ಬೇಲಿ ಬೇರೆ. ಮದುವೆಯಲ್ಲಿ ನಾನು ನಗುಮುಖ ಹೊತ್ತು ತಿರುಗಬೇಕು, ನಾಟಕದಲ್ಲಿ ಕತ್ತಲಲ್ಲಿ ಕೂತರಾಯಿತು, ಮುಖ ಹೇಗಿದ್ದರೂ ನಡೆಯುತ್ತದೆ. ಈ ವ್ಯತ್ಯಾಸವನ್ನು ಕಟ್ಟಳೆ ಗುರುತಿಸಲೇ ಇಲ್ಲ.

ಮತ್ತು ಬೇಲಿ ಎಲ್ಲರಿಗೂ ಒಂದೇ ಎತ್ತರದ್ದಲ್ಲ. ನಾನು ಗಂಡಸು, ನನಗೆ ಬಿದ್ದದ್ದು ಒಂದು ಮಾತು. ನಮ್ಮ ಅವ್ವನಿಗೆ ಬಾಗಿಲೇ ಮುಚ್ಚಿತ್ತು.

ಅಪ್ಪ ಹೋದಾಗ ಅವ್ವನಿಗೆ ಮೂವತ್ತೆರಡು, ನಾನು ನಾಲ್ಕನೇ ಇಯತ್ತೆ. ಅದಕ್ಕೂ ಮೊದಲು ಅವಳು ನಾಟಕದ ಹುಚ್ಚಿ. ಚಂದ್ರಮತಿಯ ಹಾಡು ಬೀಸುಕಲ್ಲಿನ ಮುಂದೆ ಪೂರಾ ಹಾಡುತ್ತಿದ್ದಳು. ಅಪ್ಪ ಸತ್ತ ಮೇಲೆ ವರ್ಷ ತುಂಬಿತು, ಎರಡು ತುಂಬಿದವು, ಹತ್ತು ತುಂಬಿದವು. ಗಂಡ ಸತ್ತವಳ ವರ್ಷ ಎಂದಿಗೂ ತುಂಬುವುದಿಲ್ಲ ಎಂಬುದು ನನಗೆ ತಿಳಿದದ್ದು ಹಾಗೆ. ಜಾತ್ರೆಯ ರಾತ್ರಿ ಅವಳು ನನ್ನನ್ನು ಕರೆದುಕೊಂಡು ಮಾಳಿಗೆ ಹತ್ತುತ್ತಿದ್ದಳು. ದೀಪ ಇಲ್ಲ. ದೂರದಲ್ಲಿ ಗ್ಯಾಸ್ ಬತ್ತಿಯ ಬೆಳಕಿನ ಒಂದು ಮಬ್ಬು, ಅಷ್ಟೇ. ಅವಳು ಕಣ್ಣು ಮುಚ್ಚಿ ಕೂತು ಕೇಳುತ್ತಿದ್ದಳು. “ಈಗ ಯಾರ್ ಬಂದ್ರ ಯವ್ವಾ?” ಅಂದರೆ “ವೀರಬಾಹು ಬಂದಾನ, ಗೆಜ್ಜಿ ಸಪ್ಪಳ ಕೇಳು” ಎನ್ನುತ್ತಿದ್ದಳು. ಹಾಸ್ಯದ ಪಾರ್ಟಿಗೆ ಬಯಲು ನಕ್ಕಾಗ ಅವಳೂ ನಗುತ್ತಿದ್ದಳು, ಸೆರಗು ಬಾಯಿಗೆ ತುರುಕಿಕೊಂಡು, ಕೆಳಗಿನ ಓಣಿಗೆ ಕೇಳದ ಹಾಗೆ. ನಲವತ್ತು ವರ್ಷ ಅವಳು ನಾಟಕವನ್ನು ಕಿವಿಯಿಂದ ನೋಡಿದಳು. ಇದನ್ನು ಸಂಪ್ರದಾಯ ಎಂದು ನನ್ನೆದುರು ಹೊಗಳುವವರಿಗೆ ಆ ಮಾಳಿಗೆಯ ಏಣಿ ತೋರಿಸುತ್ತೇನೆ.

ಮರುವರ್ಷ ಮತ್ತೆ ಅದೇ ನಾಟಕ ಇಟ್ಟರು. ಲೋಹಿತಾಶ್ವ ಒಂದು ಗೇಣು ಉದ್ದವಾಗಿದ್ದ. ನಾನು ಅವ್ವನಿಗೆ “ನಡಿ ಯವ್ವಾ” ಎಂದೆ.

“ಮಂದಿ ಏನಂದಾರು?”

“ಅಂತಾರ. ಅಂದ್ರ ಅನ್ಲಿ.”

ಸ್ವಲ್ಪ ಹೊತ್ತು ಗೋಡೆ ನೋಡುತ್ತ ಕೂತಳು. ಆಮೇಲೆ ಎದ್ದು ಕೌದಿ ಮಡಚಿ ಬಗಲಲ್ಲಿ ಇಟ್ಟುಕೊಂಡಳು. ಬಯಲಿಗೆ ಹೋದಾಗ ಹೆಣ್ಣುಮಕ್ಕಳ ಸಾಲಿನಲ್ಲಿ ಮಾತು ನಿಂತಿತು. ಎಪ್ಪತ್ತು ದಾಟಿದ ಅವಳು ಕೌದಿ ಹಿಡಿದು ನಿಂತೇ ಇದ್ದಳು. ಯಾರೂ ಬೈಯಲಿಲ್ಲ, ಯಾರೂ ಕರೆಯಲಿಲ್ಲ. ಆಗ ಅವಳ ವಯಸ್ಸಿನ ಒಬ್ಬ ಮುದುಕಿ, ಅವಳೂ ಹಣೆ ಬರಿದು, ಆಚೀಚೆಯವರನ್ನು ಮೊಣಕೈಯಿಂದ ತಿವಿದು, “ಏ, ಜರಾ ಸರೀರಿ, ಕೂಡ್ಲಾಕ ಜಾಗಾ ಕೊಡ್ರಿ” ಎಂದಳು. ಸರಿದರು.

ಪೇಟಿ ಮಾಸ್ತರರು ನಾಂದಿ ಎತ್ತಿದರು. ನಡುವೆ ಎರಡು ಸಲ ಆಟ ನಿಲ್ಲಿಸಿ ಆಯೇರಿ ಓದಿದರು, ಹರಿಶ್ಚಂದ್ರ ಸುಡುಗಾಡಿನ ಕೋಲು ಹಿಡಿದುಕೊಂಡೇ ಕೈಮುಗಿದು ನೂರಾಒಂದು ರೂಪಾಯಿ ತಗೊಂಡ. ಓದಿದವರು ಇದನ್ನು ರಸಭಂಗ ಎನ್ನುತ್ತಾರೆ. ನನಗೆ ಅದು ಬೇಕು. ಅರಸನೂ ಸಾಲಗಾರನೇ, ಆಡುವವನೂ ನಮ್ಮವನೇ ಎಂಬುದು ಅಲ್ಲಿ ಒಂದೇ ಪರದೆಯಲ್ಲಿ ಕಾಣುತ್ತದೆ.

ಬೆಳಕು ಹರಿಯುವಾಗ ಮನೆಗೆ ಹೊರಟೆವು. ಅವ್ವ ಏನಾದರೂ ದೊಡ್ಡ ಮಾತು ಹೇಳಿಯಾಳೆಂದು ಕಾದೆ. ಓಣಿ ತಿರುಗುವ ತನಕ ಸುಮ್ಮನಿದ್ದಳು.

“ಪೇಟಿ ಮಾಸ್ತರನ ಕೈ ನಡಗ್ಲತ್ತದ. ಮೊದಲ ಹಿಂಗ ಇದ್ದಿಲ್ಲ.”

“ವಯಸ್ಸಾಗ್ಯಾದಲ್ಲ ಯವ್ವಾ.”

“ಬರೂ ವರ್ಷ ಜಲ್ದಿ ಹೋಗಿ ಮುಂದ ಕೂಡೋಣು,” ಎಂದಳು. “ಹಿಂದ ಕುಂತ್ರ ವೀರಬಾಹುನ ಕಾಲೇ ಕಾಣಲ್ಲ.”